ಬಂಗಾರಪೇಟೆ ಎಂಬ ಬಂದರು

ಬಂಗಾರಪೇಟೆಗೆ ಆ ಹೆಸರು ಬಂದದ್ದು ಬಂಗಾರದಿಂದಲ್ಲ. 1862ರಿಂದ 1870ರವರೆಗೆ ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಎಲ್.ಬಿ. ಬೌರಿಂಗ್ ಎಂಬ ಇಂಗ್ಲಿಷ್ ಅಧಿಕಾರಿಯ ಹೆಸರಿನಲ್ಲಿ ಹುಟ್ಟಿಕೊಂಡ ಪೇಟೆ ಅದು. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ 1864ರಲ್ಲಿ ರೈಲು ಬಂದಾಗ ಹಳಿಯ ಪಕ್ಕದಲ್ಲಿ ಬೆಳೆದ ಬೌರಿಂಗ್‌ಪೇಟೆ ಜನರ ಬಾಯಲ್ಲಿ ಸವೆದು ಸವೆದು ಬಂಗಾರಪೇಟೆಯಾಯಿತು. ಹತ್ತಿರದಲ್ಲೇ ಬಂಗಾರವೂ ಸಿಕ್ಕಿದ್ದರಿಂದ ಹೊಸ ಹೆಸರನ್ನು ಯಾರೂ ಪ್ರಶ್ನಿಸಲಿಲ್ಲ.

ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದ ಈ ಜಂಕ್ಷನ್ನಿನಲ್ಲಿ ಇಳಿದವರಿಗೆ ಎದುರಾಗುವುದು ಒಂದು ಸಾಮಾನ್ಯ ತಾಲ್ಲೂಕು ಕೇಂದ್ರ. ಮಂಡಿಗಳು, ಬಸ್ಸುಗಳ ಗದ್ದಲ, ಬಣ್ಣವಿಲ್ಲದ ತಿಳಿನೀರಿನಂಥ ಖಾರದ ಪಾನಿಗೆ ಹೆಸರಾದ ಪಾನಿಪೂರಿ ಅಂಗಡಿಗಳು. ನೋಡಲು ಇಷ್ಟೇ. ಆದರೆ ನಿಲ್ದಾಣದಿಂದ ಮುಖ್ಯ ಮಾರ್ಗವನ್ನು ಬಿಟ್ಟು ಕವಲೊಡೆಯುವ ಹಳಿಯೊಂದಿದೆ. ಅದು ಆಗ್ನೇಯ ದಿಕ್ಕಿಗೆ 16 ಕಿ.ಮೀ. ಓಡಿ ಮಾರಿಕುಪ್ಪಂ ಎಂಬಲ್ಲಿ ನಿಂತುಬಿಡುತ್ತದೆ. ಮುಂದೆ ದಾರಿಯಿಲ್ಲ. ಈ 16 ಕಿ.ಮೀ.ಗಳ ಕೊನೆಯಲ್ಲಿರುವುದು ಕೋಲಾರ ಚಿನ್ನದ ಗಣಿ ಪ್ರದೇಶ, ಅಂದರೆ ಕೆ.ಜಿ.ಎಫ್.

ಕೆ.ಜಿ.ಎಫ್. ಒಂದು ಕಾಲಕ್ಕೆ ನೆಲದ ಮೇಲಿನ ದ್ವೀಪವಾಗಿತ್ತು. ಸುತ್ತ ರಾಗಿ ಹೊಲ, ಹುಣಿಸೆ ತೋಪು, ಒಣಗಿದ ಕೆರೆಗಳ ಬಯಲುಸೀಮೆ. ನಡುವೆ ತನ್ನದೇ ದೀಪ, ತನ್ನದೇ ಕೊಳಾಯಿ ನೀರು, ತನ್ನದೇ ಆಸ್ಪತ್ರೆ, ಕ್ಲಬ್ಬು, ಇಗರ್ಜಿ, ತನ್ನದೇ ಕಟ್ಟುಕಾನೂನುಗಳಿದ್ದ ಊರು. ದ್ವೀಪಕ್ಕೆ ಬಂದರು ಬೇಕಲ್ಲ. ಆ ಬಂದರೇ ಬಂಗಾರಪೇಟೆ. ಯಂತ್ರ, ಕಲ್ಲಿದ್ದಲು, ಅಕ್ಕಿಮೂಟೆ, ಇಂಗ್ಲೆಂಡಿನ ಎಂಜಿನಿಯರು, ಆರ್ಕಾಟಿನ ಕೂಲಿ ಎಲ್ಲ ಬಂದದ್ದು ಈ ನಿಲ್ದಾಣದ ಮೂಲಕ. ಹೊರಗೆ ಹೋದದ್ದು ಮುಖ್ಯವಾಗಿ ಒಂದೇ ಸರಕು.

ಹಳಿ ಬರುವ ಮೊದಲೇ ಇಲ್ಲಿಯವರಿಗೆ ಚಿನ್ನದ ಸುಳಿವಿತ್ತು. ಟಿಪ್ಪು ಮಡಿದ ಬಳಿಕ ಮೈಸೂರಿನ ಗಡಿ ಗುರುತಿಸುವ ಸರ್ವೆ ಕೆಲಸಕ್ಕೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಈ ಸುದ್ದಿ ಕೇಳಿ, ಚಿನ್ನ ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಸಾರಿದ. ಊರಿಗಾಂ ಹಳ್ಳಿಯ ಜನ ಗಾಡಿಯಲ್ಲಿ ಮಣ್ಣು ತಂದು ಅವನೆದುರೇ ತೊಳೆದರು. ತಳದಲ್ಲಿ ಚಿನ್ನದ ಪುಡಿ ಮಿನುಗಿತು. ಮಾರಿಕುಪ್ಪಂ ಬಳಿ ಆಳದ ಗುಂಡಿಗಳಲ್ಲಿ ಇಳಿದು ಬುಟ್ಟಿಯಿಂದ ಬುಟ್ಟಿಗೆ ಅದಿರು ದಾಟಿಸುತ್ತಿದ್ದ ಬಡವರನ್ನೂ ಅವನು ಕಂಡ. ಅವನ ವರದಿ ಅಚ್ಚಾಯಿತು; ಆಮೇಲೆ ಸುಮಾರು ಏಳು ದಶಕ ಅದರಿಂದ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ.

ಆ ಹಳೆಯ ವರದಿ ಮೈಕಲ್ ಲವೆಲ್ ಎಂಬ ಐರಿಷ್ ಸಿಪಾಯಿಯ ಕೈಗೆ ಬಿತ್ತು. ನ್ಯೂಜಿಲೆಂಡಿನ ಮಾವೋರಿ ಯುದ್ಧದಲ್ಲಿ ಕಾದಾಡಿ, ನಿವೃತ್ತನಾಗಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದವನು ಈತ. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಯಲ್ಲಿ ಓಡಾಡುವವರಿಗೆ ಈ ಹೆಸರು ಗೊತ್ತು, ಮನುಷ್ಯ ಗೊತ್ತಿಲ್ಲ. 1871ರಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಕೋಲಾರದ ಕಡೆ ಬಂದ ಲವೆಲ್, ಸರ್ಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಹಾಕಿ 1875ರಲ್ಲಿ ಗಣಿಗಾರಿಕೆಯ ಗುತ್ತಿಗೆ ಪಡೆದ. ಗುತ್ತಿಗೆ ಸಿಕ್ಕಿತು, ಹಣ ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ ಹಕ್ಕು ಬೇರೆ ಸೈನ್ಯಾಧಿಕಾರಿಗಳ ಕೈಗೆ, ಅಲ್ಲಿಂದ 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಗಣಿ ಸಂಸ್ಥೆಯ ಕೈಗೆ ಹೋಯಿತು.

ಟೇಲರ್ ಕಂಪನಿಯೂ ಮೊದಲಿಗೆ ಬರಿಗೈಯಾಯಿತು. ಹೂಡಿದ ಬಂಡವಾಳ ಕರಗುತ್ತಾ ಬಂದು, ಷೇರುದಾರರು ಅಂಗಡಿ ಮುಚ್ಚೋಣವೆಂದರು. ಉಳಿದ ಚೂರು ಹಣವನ್ನೂ ಒಂದು ಸಲ ನೆಲಕ್ಕೆ ಸುರಿದು ನೋಡೋಣವೆಂದು ಅವರನ್ನು ಒಪ್ಪಿಸಿ ಕ್ಯಾಪ್ಟನ್ ಪ್ಲಮ್ಮರ್ ಎಂಬುವನನ್ನು ಕಳುಹಿಸಲಾಯಿತು. ಆತ ಮಾಡಿದ ಜಾಣತನವೆಂದರೆ ಹಿಂದಿನವರು ತೋಡಿ ಬಿಟ್ಟಿದ್ದ ಗುಂಡಿಗಳ ಕೆಳಗೇ ಅಗೆದದ್ದು. ಅಲ್ಲಿ ಸಿಕ್ಕಿತು ‘ಚಾಂಪಿಯನ್’ ಎಂಬ ಚಿನ್ನದ ಸಾಲು. ಹೆಸರಿಲ್ಲದ ಹಳ್ಳಿಗರು ಬಿಟ್ಟುಹೋದ ಗುಂಡಿಗಳೇ ಲಂಡನ್ ಕಂಪನಿಗೆ ದಾರಿ ತೋರಿಸಿದವು. ಕೆ.ಜಿ.ಎಫ್. ಚರಿತ್ರೆ ಬರೆಯುವವರು ಲವೆಲ್ ಮತ್ತು ಟೇಲರ್‌ಗೆ ಕೊಡುವಷ್ಟು ಜಾಗವನ್ನು ಇವರಿಗೆ ಕೊಡುವುದಿಲ್ಲ.

ಚಿನ್ನ ಸಿಕ್ಕ ಮೇಲೆ ಎತ್ತಿನ ಗಾಡಿ ಸಾಕಾಗಲಿಲ್ಲ. ಮೈಸೂರು ಸಂಸ್ಥಾನ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ ಬ್ರಾಡ್‌ಗೇಜ್ ಹಳಿ ಹಾಕಿಸಿತು. 1894ರಲ್ಲಿ ಗಾಡಿ ಓಡಿತು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ಇಂದಿಗೂ ಉಳಿದಿರುವ ನಿಲ್ದಾಣಗಳ ಹೆಸರನ್ನು ಕೇಳಿದರೆ ಸಾಕು, ಗಣಿಗಳ ಸಾಲು ಕಣ್ಣಿಗೆ ಕಟ್ಟುತ್ತದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ತವರದ ಗಣಿಗಳಲ್ಲಿ ಪಳಗಿದ ಮೇಸ್ತ್ರಿಗಳು ಬಂದರು. ಇಟಲಿಯ ಗಣಿಗಾರರು ಬಂದರು. ಆಂಗ್ಲೋ ಇಂಡಿಯನ್ನರು ಬಂದರು. ಕಾವಲಿಗೆ ಪಂಜಾಬಿಗಳು ಬಂದರು. ಎಲ್ಲರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಬಂದವರು ಉತ್ತರ ಆರ್ಕಾಟ್, ಸೇಲಂ, ಧರ್ಮಪುರಿ, ಚಿತ್ತೂರು ಕಡೆಯ ಭೂಮಿಯಿಲ್ಲದ ದಲಿತರು. 1876-78ರ ಭೀಕರ ಬರಗಾಲ ಅವರ ನೆನಪಿನಲ್ಲಿ ಹಸಿಯಾಗಿತ್ತು. ಊರಿನಲ್ಲಿ ಜೀತ, ಇಲ್ಲಿ ಕತ್ತಲ ಸುರಂಗ. ಆದರೆ ಇಲ್ಲಿ ಕೂಲಿ ಹಣದ ರೂಪದಲ್ಲಿ ಸಿಗುತ್ತಿತ್ತು. ಸುತ್ತಲ ಹಳ್ಳಿಗಳ ರೈತರಲ್ಲಿ ನೆಲದೊಳಗೆ ಇಳಿಯಲು ಮನಸ್ಸು ಮಾಡಿದವರು ಕಡಿಮೆ. ಹಾಗಾಗಿ ಮೈಸೂರು ಸಂಸ್ಥಾನದ ಅತ್ಯಂತ ದೊಡ್ಡ ಕಾರ್ಮಿಕ ನಗರದ ಬೀದಿಮಾತು ತಮಿಳಾಯಿತು, ಸುತ್ತಲ ಹಳ್ಳಿಗಳಲ್ಲಿ ಕನ್ನಡ ಮತ್ತು ತೆಲುಗು ಉಳಿದವು.

ಈ ದ್ವೀಪಕ್ಕೆ ಮೊದಲು ಬೇಕಾದದ್ದು ಬಲ. ನೀರೆತ್ತಲು, ಅದಿರು ಕುಟ್ಟಲು, ಪಂಜರದಂಥ ‘ಕೇಜ್’ಗಳಲ್ಲಿ ಜನರನ್ನು ಇಳಿಸಿ ಹತ್ತಿಸಲು ಉಗಿಯಂತ್ರಗಳು ದಿನವಿಡೀ ಕಲ್ಲಿದ್ದಲು ತಿನ್ನುತ್ತಿದ್ದವು. ಆಗ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಒಂದು ಯೋಜನೆ ರೂಪುಗೊಂಡಿತು. ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ಜಾಗದಲ್ಲಿ ವಿದ್ಯುತ್ ಉತ್ಪಾದಿಸಿ, 147 ಕಿ.ಮೀ. ತಂತಿ ಎಳೆದು ಕೋಲಾರದ ಗಣಿಗೆ ಮುಟ್ಟಿಸುವ ಯೋಜನೆ. ಎಂಜಿನಿಯರ್ ಡಿ ಲಾಟ್‌ಬಿನಿಯರ್ ಅಮೆರಿಕ, ಯೂರೋಪು ಸುತ್ತಿ ಯಂತ್ರಗಳನ್ನು ಗೊತ್ತುಮಾಡಿ ಬಂದರು. 1902ರ ಜೂನ್ 30ರಂದು ವಿದ್ಯುತ್ ಹರಿಯಿತು. ಅಷ್ಟು ದೂರ ವಿದ್ಯುತ್ ಸಾಗಿಸಿದ ಉದಾಹರಣೆ ಆಗ ಜಗತ್ತಿನಲ್ಲೇ ಅಪರೂಪ. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರ ಆಗಸ್ಟಿನಲ್ಲಿ, ಅಂದರೆ ಗಣಿಗೆ ಮೂರು ವರ್ಷ ಹಿಂದುಳಿದು. ಮುಂದೆ ಕನ್ನಂಬಾಡಿ ಅಣೆಕಟ್ಟೆ ಬೇಕೆಂದು ವಾದಿಸಿದಾಗಲೂ, ಬೇಸಿಗೆಯಲ್ಲಿ ಗಣಿಗೆ ತಡೆಯಿಲ್ಲದೆ ವಿದ್ಯುತ್ ಕೊಡಬೇಕೆಂಬುದು ಒಂದು ಪ್ರಮುಖ ಕಾರಣವಾಗಿತ್ತು. ಮಂಡ್ಯದ ಕಬ್ಬಿನ ಗದ್ದೆಗಳಿಗೂ ಮಾರಿಕುಪ್ಪಂನ ಸುರಂಗಗಳಿಗೂ ಇರುವ ಈ ನಂಟು ಶಾಲೆಯ ಪಾಠಗಳಲ್ಲಿ ಸಿಗುವುದಿಲ್ಲ.

ನೀರು ಬಂದದ್ದು ಬೇತಮಂಗಲದಿಂದ. ಕೆ.ಜಿ.ಎಫ್. ನೋಡಲು ಬಂದವರು ಒಂದು ಗಂಟೆ ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗಿಬರುವುದು ಒಳ್ಳೆಯದು. ಪಾಲಾರ್ ನದಿಗೆ ಕಟ್ಟಿದ ಈ ದೊಡ್ಡ ಕೆರೆ ಬ್ರಿಟಿಷರ ಕೊಡುಗೆಯಲ್ಲ. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಒಡೆದ ಏರಿಯನ್ನು ಹತ್ತನೆಯ ಶತಮಾನದಲ್ಲಿ ನೊಳಂಬರ ಅರಸ ಕಟ್ಟಿಸಿದ್ದನ್ನು ಶಾಸನ ಹೇಳುತ್ತದೆ. ಸಾವಿರ ವರ್ಷದ ಕೆರೆಯ ನೀರನ್ನು ಶುದ್ಧಮಾಡಿ ಕೊಳಾಯಿಯಲ್ಲಿ ಗಣಿಯ ಊರಿಗೆ ಹರಿಸಲಾಯಿತು.

ಊರಿಗಾಂ ನಿಲ್ದಾಣದಲ್ಲಿ ಇಳಿದು ನಡೆದರೆ ದ್ವೀಪದ ಎರಡು ಮುಖಗಳೂ ಕಾಣುತ್ತವೆ. ಏರುಜಾಗಗಳಲ್ಲಿ ವಿಶಾಲ ಕಾಂಪೌಂಡಿನ ಬಂಗಲೆಗಳು, 1885ರಷ್ಟು ಹಳೆಯದಾದ ಕೆ.ಜಿ.ಎಫ್. ಕ್ಲಬ್, ಗಾಲ್ಫ್ ಮೈದಾನ, ಕಲ್ಲಿನ ಇಗರ್ಜಿ. ಹವೆ ತಂಪಾದ್ದರಿಂದ ಇದನ್ನು ‘ಪುಟ್ಟ ಇಂಗ್ಲೆಂಡ್’ ಎಂದು ಕರೆಯುತ್ತಿದ್ದರು. ತಗ್ಗಿನಲ್ಲಿ ಕೂಲಿ ‘ಲೈನು’ಗಳು. ಮೊದಲಿಗೆ ಬಿದಿರುತಟ್ಟಿಯ ಗೋಡೆಯ, ಒಂದೇ ಕೋಣೆಯ ಗೂಡುಗಳು, ಬಹುಕಾಲ ಹಾಗೆಯೇ ಉಳಿದವು. ಪ್ಲೇಗಿನ ಭಯದ ದಿನಗಳಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ನೇರ ಬೀದಿಗಳ ಹೊಸ ಪೇಟೆಯೊಂದನ್ನು ಕಟ್ಟಲಾಯಿತು. ಮೈಸೂರಿನ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನ ರಾಬರ್ಟ್‌ಸನ್‌ಪೇಟೆ ಇಂದು ಇಡೀ ಊರಿನ ವ್ಯಾಪಾರ ಕೇಂದ್ರ.

ಕಾನೂನು ಕೂಡ ಎರಡು ಬಗೆ. ಲೆಕ್ಕ ಹೇಳಲಾಗದ ಚಿನ್ನದ ಚೂರು ಯಾರ ಬಳಿ ಸಿಕ್ಕರೂ ಅವನೇ ತನ್ನ ನಿರಪರಾಧವನ್ನು ರುಜುವಾತು ಮಾಡಬೇಕೆಂದು ಸಂಸ್ಥಾನದ ಗಣಿ ಕಾನೂನು ಹೇಳುತ್ತಿತ್ತು. ಕೂಲಿಗಳ ಮಣಿಕಟ್ಟಿಗೆ ಸಂಖ್ಯೆಯ ಪಟ್ಟಿ ಬಿಗಿಯಲಾಗುತ್ತಿತ್ತು. 1930ರಲ್ಲಿ ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆದುಕೊಳ್ಳಲು ಕಂಪನಿ ಹೊರಟಾಗ, ನಾವೇನು ಕಳ್ಳರೇ ಎಂದು ಜನ ರೊಚ್ಚಿಗೆದ್ದರು. ಸರಿಯಾದ ಸಂಘವೇ ಇಲ್ಲದಿದ್ದ ಕಾಲದಲ್ಲಿ ಸುಮಾರು ಮೂರು ವಾರ ಗಣಿ ಸ್ತಬ್ಧವಾಯಿತು. 1940ರ ದಶಕದಲ್ಲಿ ಕೆಂಬಾವುಟದ ಸಂಘಗಳು ಬಲವಾದವು. 1946ರ ನವೆಂಬರ್ 4ರಂದು ಪೊಲೀಸರ ಗೋಲಿಬಾರಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು.

ಇದೇ ಲೈನುಗಳಲ್ಲಿ ಇನ್ನೊಂದು ಚಳವಳಿಯೂ ಸದ್ದಿಲ್ಲದೆ ಬೆಳೆಯಿತು. ಮದರಾಸಿನ ಪಂಡಿತ ಅಯೋತಿ ದಾಸರು ಶೋಷಿತರಿಗೆ ಬೌದ್ಧ ಧರ್ಮವೇ ಮೂಲಧರ್ಮವೆಂದು ಸಾರುತ್ತಿದ್ದರು. ಅವರ ಬೌದ್ಧ ಸಂಘಕ್ಕೆ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್ಸ್‌ನಲ್ಲಿ ಶಾಖೆಗಳಾದವು. 1914ರಲ್ಲಿ ಅವರು ತೀರಿಕೊಂಡ ಬಳಿಕ ನಿಂತುಹೋಗಿದ್ದ ಅವರ ‘ತಮಿಳನ್’ ಪತ್ರಿಕೆ 1926ರಲ್ಲಿ ಮತ್ತೆ ಹೊರಬಂದದ್ದು ಇಲ್ಲಿಂದಲೇ. ಡಾ. ಅಂಬೇಡ್ಕರ್ 1956ರಲ್ಲಿ ಬೌದ್ಧ ಧರ್ಮ ಸ್ವೀಕರಿಸುವುದಕ್ಕೆ ಅರ್ಧ ಶತಮಾನ ಮೊದಲೇ ಗಣಿ ಕೂಲಿಗಳು ಬುದ್ಧನಿಗೆ ಶರಣು ಹೋಗಿದ್ದರು. ಚಿನ್ನದ ಕಥೆಯಷ್ಟೇ ಗೊತ್ತಿರುವವರಿಗೆ ಇದು ಆಶ್ಚರ್ಯದ ಸಂಗತಿ.

ಇನ್ನು ನೆಲದ ಕೆಳಗಿನ ಊರು. ಚಾಂಪಿಯನ್ ರೀಫ್ ಗಣಿ 3.2 ಕಿ.ಮೀ. ಆಳಕ್ಕೆ ಇಳಿದು ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದಾಯಿತು. ಒಂದೇ ಬಾವಿಯಲ್ಲಿ ತಳ ಮುಟ್ಟುವಂತಿರಲಿಲ್ಲ. ಒಂದು ಶಾಫ್ಟ್ ಇಳಿದು, ಸುರಂಗದಲ್ಲಿ ನಡೆದು, ಇನ್ನೊಂದು ಶಾಫ್ಟ್ ಹಿಡಿಯಬೇಕಿತ್ತು. ತಳದ ಬಂಡೆಯ ಶಾಖ 60 ಡಿಗ್ರಿ ಸೆಲ್ಷಿಯಸ್ ಮೀರುತ್ತಿತ್ತು. ಮೇಲಿನಿಂದ ತಣ್ಣನೆಯ ಗಾಳಿ ಊದಿದರೆ ಮಾತ್ರ ಮನುಷ್ಯ ಅಲ್ಲಿ ನಿಲ್ಲಬಲ್ಲ. ಹೊರೆ ತಾಳಲಾರದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದು ನಿತ್ಯದ ಭಯ. ಮೇಲೆ ರಾಬರ್ಟ್‌ಸನ್‌ಪೇಟೆಯ ಮನೆಗಳಲ್ಲಿ ಪಾತ್ರೆ ಅಲುಗಿದರೆ ಕೆಳಗೆ ಯಾರ ಗತಿ ಏನಾಯಿತೋ ಎಂದು ಹೆಂಗಸರು ಶಾಫ್ಟಿನತ್ತ ಓಡಬೇಕು. ಸಿಡಿತದಿಂದ ಉಳಿದವರನ್ನು ಕಲ್ಲಿನ ದೂಳು ನಿಧಾನವಾಗಿ ಶ್ವಾಸಕೋಶದಲ್ಲಿ ಕೂತು ಕೊಂದಿತು. ಸಿಲಿಕೋಸಿಸ್ ಎಂಬ ಇಂಗ್ಲಿಷ್ ಪದ ಇಲ್ಲಿಯ ಓದು ಬಾರದವರಿಗೂ ತಿಳಿದಿತ್ತು.

ಅಷ್ಟು ಆಳದಿಂದ ವಿಜ್ಞಾನಕ್ಕೂ ಒಂದು ಲಾಭವಾಯಿತು. ಆಕಾಶದಿಂದ ಸುರಿಯುವ ಬೇರೆಲ್ಲ ಕಣಗಳನ್ನು ಬಂಡೆ ತಡೆಯುತ್ತದೆ, ನ್ಯೂಟ್ರಿನೊ ಎಂಬ ಕಣವನ್ನು ಮಾತ್ರ ತಡೆಯಲಾರದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ತಂಡಗಳೊಂದಿಗೆ 2.3 ಕಿ.ಮೀ. ಆಳದಲ್ಲಿ ಉಪಕರಣ ಇಟ್ಟು ಕಾದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಜಗತ್ತಿನಲ್ಲಿ ಮೊದಲು ಸಿಕ್ಕಿದ್ದು 1965ರಲ್ಲಿ, ಇಲ್ಲಿ ಮತ್ತು ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿ. ವಿಜ್ಞಾನಿಗಳನ್ನೂ ಅವರ ಯಂತ್ರಗಳನ್ನೂ ಕೆಳಗಿಳಿಸಿದವರು ಅದೇ ಕೇಜಿನ ಕಾರ್ಮಿಕರು.

ಇಷ್ಟೆಲ್ಲ ಬೆವರಿನ ಫಲ 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ. ಮೊದಲ ದಶಕಗಳ ಗಟ್ಟಿಗಳು ಬಂಗಾರಪೇಟೆ ದಾಟಿ ಬೊಂಬಾಯಿಗೆ, ಅಲ್ಲಿಂದ ಹಡಗಿನಲ್ಲಿ ಲಂಡನ್ನಿಗೆ ಹೋದವು. ಸಂಸ್ಥಾನಕ್ಕೆ ಸಿಗುತ್ತಿದ್ದ ರಾಜಧನ ಶೇ. 5. ಆರಂಭದಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂಗೂ ಹೆಚ್ಚು ಸಿಗುತ್ತಿದ್ದ ಚಿನ್ನ ಕೊನೆಕೊನೆಗೆ 3 ಗ್ರಾಂ ಮುಟ್ಟಲೂ ತಿಣುಕಿತು. ಗಣಿ 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಕೈಗೆ ಬಂತು. ಅಂದರೆ ಒಳ್ಳೆಯ ಅದಿರು ಖಾಲಿಯಾದ ಮೇಲೆ ಗಣಿ ನಮ್ಮದಾಯಿತು. 2001ರ ಫೆಬ್ರವರಿ 28ರಂದು ಅದನ್ನು ಮುಚ್ಚಿದಾಗ ಮೂರು ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು.

ಮುಚ್ಚಿದ ಮೇಲೆ ಪಂಪುಗಳೂ ನಿಂತವು. ನೂರಾರು ಕಿಲೋಮೀಟರ್ ಸುರಂಗಗಳಲ್ಲಿ ನೀರು ಏರಿತು. ಇಲ್ಲಿ ಬಹುದೂರದ ಇನ್ನೊಂದು ದ್ವೀಪದ ಮಾತು ಬರುತ್ತದೆ. ಗ್ರೀಸ್ ದೇಶದ ಏಜಿಯನ್ ಸಮುದ್ರದಲ್ಲಿ ಸಿಫ್ನೋಸ್ ಎಂಬ ಪುಟ್ಟ ನಡುಗಡ್ಡೆಯಿದೆ. ಅದರ ಕಮಾರೆಸ್ ಬಂದರಿನಲ್ಲಿ ಹಡಗಿನಿಂದ ಇಳಿಯುವ ಪ್ರವಾಸಿಗಳು ಬರುವುದು ಬಿಳಿ ಮನೆಗಳನ್ನೂ ನೀಲಿ ಕಡಲನ್ನೂ ನೋಡಲು. ಎರಡೂವರೆ ಸಾವಿರ ವರ್ಷಗಳ ಹಿಂದೆ ಅದು ಚಿನ್ನ ಬೆಳ್ಳಿಯ ಗಣಿಗಳಿಂದಾಗಿ ದ್ವೀಪಗಳಲ್ಲೆಲ್ಲ ಶ್ರೀಮಂತವಾಗಿತ್ತೆಂದು ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಆಮೇಲೆ ಗಣಿಗಳಿಗೆ ಸಮುದ್ರ ನುಗ್ಗಿತು. ಅಪೋಲೊ ದೇವರಿಗೆ ಸಲ್ಲಬೇಕಾದ ಹತ್ತನೆಯ ಒಂದು ಪಾಲನ್ನು ದುರಾಸೆಯಿಂದ ನಿಲ್ಲಿಸಿದ್ದೇ ಅದಕ್ಕೆ ಕಾರಣವೆಂದು ಮತ್ತೊಬ್ಬ ಗ್ರೀಕ್ ಲೇಖಕ ಪಾಸೇನಿಯಸ್ ಹೇಳುತ್ತಾನೆ. ಕೆ.ಜಿ.ಎಫ್. ಮೇಲೆ ಅಂಥ ಆರೋಪ ಹೊರಿಸುವಂತಿಲ್ಲ. ಅದು ಎಲ್ಲರ ಪಾಲನ್ನೂ ಕೊಟ್ಟಿತ್ತು, ಷೇರುದಾರರಿಗೆ ಲಾಭಾಂಶ, ಮಹಾರಾಜರಿಗೆ ರಾಜಧನ. ಕಡೆಗೆ ಇಲ್ಲಿ ಬಂಗಾರವೂ ಹೋಯಿತು, ಜನ ಮಾತ್ರ ಉಳಿದರು. ರಾಬರ್ಟ್‌ಸನ್‌ಪೇಟೆ ನಗರಸಭೆಯ ವ್ಯಾಪ್ತಿಯಲ್ಲಿ 2011ರ ಜನಗಣತಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು.

ಜನರ ಜೊತೆ ಉಳಿದ ಇನ್ನೊಂದು ವಸ್ತು ಸೈನೈಡ್ ಗುಡ್ಡಗಳು. ಪುಡಿಮಾಡಿದ ಅದಿರಿಗೆ ಸೈನೈಡ್ ದ್ರಾವಣ ಹಾಯಿಸಿದರೆ ಚಿನ್ನ ಕರಗಿ ಬೇರೆಯಾಗುತ್ತದೆ. ಉಳಿದ ಬೂದಿಬಣ್ಣದ ಹುಡಿಯನ್ನು ಬಯಲಿನಲ್ಲಿ ಸುರಿಯಲಾಯಿತು. ಹಾಗೆ ಸುರಿದದ್ದೇ 13 ಗುಡ್ಡಗಳಾದವು, ಒಟ್ಟು 3 ಕೋಟಿ ಟನ್ನಿಗೂ ಹೆಚ್ಚು. ಮಳೆಗೆ ಕೊರೆದು, ಗಾಳಿಗೆ ಹಾರಿ, ಬೇಸಿಗೆಯಲ್ಲಿ ಈ ಹುಡಿ ಊರಿನ ಅನ್ನದ ತಟ್ಟೆಯವರೆಗೂ ಬರುತ್ತದೆ. 2018ರ ಪ್ರಸಿದ್ಧ ಕನ್ನಡ ಚಲನಚಿತ್ರಕ್ಕೆ ಹಿನ್ನೆಲೆಯಾದದ್ದು ಇದೇ ಬೂದಿಬೆಟ್ಟ. ಚಿತ್ರದ ಕಥೆ ಕಲ್ಪನೆಯದು. ಅದನ್ನೇ ಊರಿನ ಚರಿತ್ರೆಯೆಂದು ನಂಬಿ ಬರುವವರಿಗೆ ನಿರಾಶೆ ಖಂಡಿತ. ಹುಡಿಯಲ್ಲಿ ಇನ್ನೂ ಅಷ್ಟಿಷ್ಟು ಚಿನ್ನ ಉಳಿದಿದೆ. ಈ ಗುಡ್ಡಗಳನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು.

ಸುತ್ತಮುತ್ತ ನೋಡುವುದಕ್ಕೆ ಬೇರೆಯೂ ಇದೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ ಲಕ್ಷಾಂತರ ಲಿಂಗಗಳ ನಡುವೆ 108 ಅಡಿಯ ಲಿಂಗ ನಿಂತಿದೆ. ಬೆಂಗಳೂರಿನಿಂದ ಬರುವ ಪ್ರವಾಸಿ ಬಸ್ಸುಗಳು ಹೆಚ್ಚಾಗಿ ಇದನ್ನೇ ನೋಡಿ ಹಿಂದಿರುಗುತ್ತವೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ತುಕ್ಕು ಹಿಡಿದು ನಿಂತ ಶಾಫ್ಟ್‌ಗಳ ಕಬ್ಬಿಣದ ಗೋಪುರಗಳತ್ತ ಹೊರಳುವ ಬಸ್ಸು ಅಪರೂಪ. ಗಣಿ ಆವರಣದೊಳಗೆ ಅನುಮತಿಯಿಲ್ಲದೆ ಬಿಡುವುದೂ ಇಲ್ಲ.

ಆದರೆ 1894ರ ಹಳಿ ಬಿಡುವಿಲ್ಲದೆ ದುಡಿಯುತ್ತಿದೆ. ಅಜ್ಜಂದಿರನ್ನು ಗಣಿಗೆ ತಂದ ಅದೇ ದಾರಿಯಲ್ಲಿ ಮೊಮ್ಮಕ್ಕಳು ಹೊರಗೆ ಹೋಗುತ್ತಾರೆ. ನಸುಕಿಗೆ ಮೊದಲೇ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ ನಿಲ್ದಾಣಗಳಲ್ಲಿ ಊಟದ ಡಬ್ಬಿ ಹಿಡಿದವರ ಸಾಲು. ಬೆಂಗಳೂರಿನ ಕಾರ್ಖಾನೆ, ಕಚೇರಿ, ಆಸ್ಪತ್ರೆ, ಅಂಗಡಿಗಳಿಗೆ ಹೋಗುವ ಗಂಡಸರು, ಹೆಂಗಸರು. ಹೋಗುವುದಕ್ಕೆ ಎರಡು ಗಂಟೆಗೂ ಹೆಚ್ಚು, ಬರುವುದಕ್ಕೆ ಅಷ್ಟೇ. ಈ ದಾರಿಯ ಒಂದು ಗಾಡಿಗೆ ರೈಲ್ವೆಯವರು ‘ಸ್ವರ್ಣ’ ಎಂದು ಹೆಸರಿಟ್ಟಿದ್ದಾರೆ. ಕೂರಲು ಜಾಗ ಸಿಕ್ಕವರು ಬಂಗಾರಪೇಟೆ ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತಾರೆ. ಅಲ್ಲಿ ಹತ್ತುವವರಿಗೆ ನಿಲ್ಲಲೂ ಜಾಗವಿರುವುದಿಲ್ಲ.